ಹೆಸೆದ್: ಕೃಪೆಯಾ, ಕರುಣೆಯಾ, ನಿಷ್ಠೆಯಾ? ಒಂದೇ ಪದದ ಹಿಂದೆ ಬಿದ್ದಿದ್ದೇನೆ, ಸಹಾಯ ಮಾಡಿ

ಸಂಜೆದೀಪ:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು ಎಂಟೊಂಬತ್ತು ಜನರ ಸತ್ಯವೇದ ಅಧ್ಯಯನದ ಗುಂಪು. ಎರಡು ತಿಂಗಳ ಹಿಂದೆ 136ನೇ ಕೀರ್ತನೆ ಓದುತ್ತಿದ್ದೆವು. 26 ವಚನ, 26 ಸಲವೂ ಕೊನೆಗೆ ಅದೇ ಮಾತು ಬರುತ್ತದೆ, ಆತನ ಕೃಪೆ ಶಾಶ್ವತ ಅಂತ. ನನ್ನ ಪುಸ್ತಕದಲ್ಲಿ ಕೃಪೆ ಅಂತಿತ್ತು. ಪಕ್ಕದವರದ್ದು ಬೇರೆ ಅನುವಾದ, ಅದರಲ್ಲಿ ಕರುಣೆ. ಮೊಬೈಲಿನಲ್ಲಿ ನೋಡುತ್ತಿದ್ದ ಹುಡುಗ ನನ್ನದರಲ್ಲಿ ಪ್ರೀತಿ ಅಂತ ಇದೆಯಲ್ಲ ಅಕ್ಕ ಅಂದ. ಮೂರೂ ಒಂದೇನಾ ಅಂತ ಒಬ್ಬರು ಕೇಳಿದರು. ಗುಂಪು ನಡೆಸುವವಳು ನಾನು, ನನಗೇ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು ಸ್ಟ್ರಾಂಗ್ ಸಂಖ್ಯೆಗಳಿರುವ ಆ್ಯಪ್ ತೆಗೆದೆ, ಸತ್ಯವೇದದ ಒಂದೊಂದು ಮೂಲ ಪದಕ್ಕೂ ಒಂದು ಸಂಖ್ಯೆ ಕೊಟ್ಟು ಅರ್ಥ ಹೇಳುವ ಪಟ್ಟಿ ಅದು. ಹೀಬ್ರೂ ಪದ ಹೆಸೆದ್, ಸಂಖ್ಯೆ 2617. ಮೊದಲ ಅಕ್ಷರವನ್ನು ಗಂಟಲಿನಿಂದ ಎಳೆದು ಹೇಳಬೇಕಂತೆ. ಕೆಳಗೆ ಅರ್ಥಗಳ ಸಾಲು ನೋಡಿದರೆ ದಯೆ, ಭಕ್ತಿ, ಕರುಣೆ, ಒಳ್ಳೆಯ ಕೆಲಸ, ಸೌಂದರ್ಯ, ಕೊನೆಗೆ ನಿಂದೆ ಅಂತಲೂ ಇದೆ! ಒಂದೇ ಪದ ಕರುಣೆಯೂ ನಿಂದೆಯೂ ಹೇಗಾಗುತ್ತದೆ?

ಇನ್ನೊಂದು ವಿಷಯ. ಹಿಂದೆ ಒಂದು ಕೂಟದಲ್ಲಿ ಮಾತಾಡಿದವರು, ಹೆಸೆದ್ ಅಂದರೆ ಒಡಂಬಡಿಕೆಯ ಕರ್ತವ್ಯ, ದೇವರು ಮಾತು ಕೊಟ್ಟಿದ್ದಾನೆ, ಹಾಗಾಗಿ ಮಾಡಲೇಬೇಕು, ಅಷ್ಟೇ ಅಂದಿದ್ದರು. ಆವತ್ತು ಬರೆದುಕೊಂಡೆ. ಈಗ ಅದನ್ನು ಓದಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಬರೀ ಕರ್ತವ್ಯವಾದರೆ ಅದಕ್ಕೆ 26 ಸಲ ಸ್ತೋತ್ರ ಯಾಕೆ? ಗೊತ್ತಿರುವವರು ದಾರಿ ತೋರಿಸಿ.

ಹಳೇ ಪುಟ:

ಸಿಸ್ಟರ್, ಒಳ್ಳೆಯ ಪ್ರಶ್ನೆ. ಕರ್ತವ್ಯದ ಮಾತು ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. 1927ರಲ್ಲಿ ನೆಲ್ಸನ್ ಗ್ಲುಕ್ ಎಂಬ ವಿದ್ವಾಂಸರು ಈ ಒಂದೇ ಪದದ ಮೇಲೆ ಜರ್ಮನ್ ಭಾಷೆಯಲ್ಲಿ ಪ್ರಬಂಧ ಪ್ರಕಟಿಸಿದರು. ಹೆಸೆದ್ ಬರೀ ಮನಸ್ಸಿನ ಮರುಕ ಅಲ್ಲ, ಸಂಬಂಧ ಇರುವವರ ನಡುವೆ ಒಬ್ಬರು ಇನ್ನೊಬ್ಬರಿಗೆ ಸಲ್ಲಿಸಬೇಕಾದ ನಡತೆ ಅನ್ನುವುದು ಅವರ ವಾದ. ತಂದೆ ಮಗ, ಅತಿಥಿ ಮನೆಯವನು, ಒಡಂಬಡಿಕೆ ಮಾಡಿಕೊಂಡ ಗೆಳೆಯರು, ಹೀಗೆ. ಅದು ದೊಡ್ಡ ಬದಲಾವಣೆ. ಅದಕ್ಕೆ ಮುಂಚೆ ಕರುಣೆ ಅಂತ ಓದಿ ಮುಂದೆ ಹೋಗುತ್ತಿದ್ದರು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1978ರಲ್ಲಿ ಕ್ಯಾಥರೀನ್ ಡೂಬ್ ಸೇಕನ್‌ಫೆಲ್ಡ್ ಇದೇ ಪದದ ಮೇಲೆ ಒಂದು ಪುಸ್ತಕ ತಂದರು. ಒಂದೊಂದು ಪ್ರಸಂಗವನ್ನೂ ಕೂತು ನೋಡಿದರು. ಸಂಬಂಧ ಇರುತ್ತದೆ, ಹೊಣೆಯೂ ಇರುತ್ತದೆ, ಅದು ನಿಜ. ಆದರೆ ಹೆಸೆದ್ ಮಾಡುವವನು ಹೆಚ್ಚಾಗಿ ಕೈ ಮೇಲಿರುವವನು. ಬೇಕಾದವನಿಗೆ ಬೇರೆ ದಿಕ್ಕಿಲ್ಲ. ಮಾಡದೆ ಇದ್ದರೆ ಯಾರೂ ಕೇಳುವವರಿಲ್ಲ. ಅಂಥ ಜಾಗದಲ್ಲಿ ತಾನಾಗಿ ಮಾಡಿದ್ದೇ ಹೆಸೆದ್ ಅಂದರು. ನಿಮ್ಮ ಕೂಟದಲ್ಲಿ ಮಾತಾಡಿದವರು ಮೊದಲ ಅರ್ಧ ಮಾತ್ರ ಹೇಳಿದ್ದಾರೆ.

ಪದ ಹಳೆ ಒಡಂಬಡಿಕೆಯಲ್ಲಿ ಸುಮಾರು 250 ಸಲ ಬರುತ್ತದೆ, ಅದರಲ್ಲಿ ಅರ್ಧದಷ್ಟು ಕೀರ್ತನೆಗಳಲ್ಲೇ. ಆದರೆ ಕೀರ್ತನೆಗಳಿಂದ ಶುರು ಮಾಡಬೇಡಿ ಅನ್ನುತ್ತೇನೆ. ಅಲ್ಲಿ ಪದ ಬರುತ್ತದೆ, ಹೋಗುತ್ತದೆ, ವಿವರಣೆ ಇರುವುದಿಲ್ಲ. ಕಥೆಗಳಲ್ಲಿ ಹುಡುಕಿ. ಯಾರು ಯಾರಿಗೆ ಏನು ಮಾಡಿದರು ಅಂತ ಕಣ್ಣಿಗೆ ಕಾಣುತ್ತದೆ.

ನಿಧಾನ ಓದುಗ:

ಹಳೇ ಪುಟ ಸರ್ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಾನೇ ಮಾಡಿದ ತಪ್ಪು ಇದು, ಹಾಗಾಗಿ ಹೇಳುವ ಧೈರ್ಯ ಇದೆ.

ಮೊದಮೊದಲು ಪದ ಅಧ್ಯಯನ ಅಂದರೆ ನನಗೆ ಸ್ಟ್ರಾಂಗ್ ಪಟ್ಟಿ ತೆಗೆದು ಅಲ್ಲಿರುವ ಎಲ್ಲ ಅರ್ಥಗಳನ್ನೂ ಆ ಒಂದು ವಚನಕ್ಕೆ ಸುರಿಯುವುದು ಅಂತಿತ್ತು. ಇಲ್ಲಿ ಹೆಸೆದ್ ಇದೆ, ಆದ್ದರಿಂದ ಇಲ್ಲಿ ದಯೆ, ನಿಷ್ಠೆ, ಪ್ರೀತಿ, ಸೌಂದರ್ಯ, ಒಡಂಬಡಿಕೆ ಎಲ್ಲ ಒಟ್ಟಿಗೆ ಇದೆ ಅಂತ ಹೇಳುತ್ತಿದ್ದೆ. ಕೇಳುವವರಿಗೆ ಖುಷಿಯಾಗುತ್ತಿತ್ತು. ಆದರೆ ಅದು ಸುಳ್ಳು. ಜೇಮ್ಸ್ ಬಾರ್ ಅನ್ನುವ ವಿದ್ವಾಂಸರು 1961ರಲ್ಲೇ ಇದನ್ನು ಖಂಡಿಸಿ ಬರೆದಿದ್ದಾರೆ.

ನಮ್ಮ ಭಾಷೆಯಲ್ಲೇ ನೋಡಿ. ಅವನು ನನಗೆ ಕೈ ಕೊಟ್ಟ ಅಂದರೆ ಮೋಸ ಮಾಡಿದ. ಅವಳ ಕೈ ಹಿಡಿದ ಅಂದರೆ ಮದುವೆಯಾದ. ಅವರ ಕೈಕೆಳಗೆ ಕೆಲಸ ಮಾಡಿದೆ ಅಂದರೆ ಅವರು ಮೇಲಧಿಕಾರಿ. ನೂರು ವರ್ಷದ ನಂತರ ಯಾರೋ ಕನ್ನಡ ಕಲಿತು ನಿಘಂಟು ತೆಗೆದು, ಕೈ ಎಂಬ ಪದದಲ್ಲಿ ಮೋಸ, ಮದುವೆ, ಅಧಿಕಾರ ಮೂರೂ ಅಡಗಿವೆ, ಆದ್ದರಿಂದ ಕೈ ತೊಳೆದುಕೊಂಡ ಅನ್ನುವಲ್ಲಿ ಆಳವಾದ ಅರ್ಥ ಇದೆ ಅಂದರೆ ನಾವೇನು ಹೇಳುತ್ತೇವೆ? ಹೀಬ್ರೂ ಪದಕ್ಕೂ ನಾವು ಅದನ್ನೇ ಮಾಡುತ್ತಿದ್ದೇವೆ.

ಮೂಲ ಹುಡುಕುವುದೂ ಹಾಗೇ. ಮರ್ಯಾದೆ ಅನ್ನುವ ಪದದ ಹಳೆಯ ಅರ್ಥ ಗಡಿ, ಎಲ್ಲೆ. ಆದರೆ ದೊಡ್ಡವರಿಗೆ ಮರ್ಯಾದೆ ಕೊಡು ಅಂತ ಅಮ್ಮ ಹೇಳಿದಾಗ ಯಾರಾದರೂ ಗಡಿಯ ಬಗ್ಗೆ ಯೋಚಿಸುತ್ತಾರಾ? ಪದ ಹುಟ್ಟಿದ್ದು ಎಲ್ಲಿ ಅನ್ನುವುದಕ್ಕಿಂತ ಆ ವಾಕ್ಯದಲ್ಲಿ ಅದು ಏನು ಕೆಲಸ ಮಾಡುತ್ತಿದೆ ಅನ್ನುವುದು ಮುಖ್ಯ.

ಇನ್ನು ನಿಂದೆ ಅಂತ ಯಾಕೆ ಇದೆ ಅಂದಿರಲ್ಲ. ಯಾಜಕಕಾಂಡ 20:17, ಜ್ಞಾನೋಕ್ತಿ 14:34. ಈ ಎರಡು ಕಡೆ ಅದೇ ಅಕ್ಷರಗಳು ಅವಮಾನ ಎಂಬ ಅರ್ಥದಲ್ಲಿವೆ. ಅದು ಬೇರೆಯೇ ಪದ, ಉಚ್ಚಾರ ಮಾತ್ರ ಒಂದೇ ಅಂತ ಹೆಚ್ಚಿನವರು ಹೇಳುತ್ತಾರೆ. ಹೀಬ್ರೂವಿಗೆ ಹತ್ತಿರದ ಭಾಷೆ ಅರಾಮಿಕ್‌ನಲ್ಲಿ ಈ ಅಕ್ಷರಗಳಿಗೆ ನಿಂದೆ ಎಂಬ ಅರ್ಥವೂ ಇದೆ. ನಮ್ಮಲ್ಲಿ ಹತ್ತು ಅಂದರೆ ಸಂಖ್ಯೆಯೂ ಹೌದು, ಮೆಟ್ಟಿಲು ಹತ್ತು ಅನ್ನುವುದೂ ಹೌದು. ಎರಡಕ್ಕೂ ಸಂಬಂಧ ಕಟ್ಟಲು ಹೋಗುವುದಿಲ್ಲ ಅಲ್ವಾ? ಸ್ಟ್ರಾಂಗ್ ಅವರ ಪುಸ್ತಕ 1890ರದ್ದು. ಎರಡನ್ನೂ ಒಂದೇ ಸಂಖ್ಯೆಯ ಕೆಳಗೆ ಹಾಕಿದೆ. ಪದ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಲು ಅದು ತುಂಬಾ ಉಪಯೋಗ. ಅರ್ಥ ತೀರ್ಮಾನ ಮಾಡಲು ಅಲ್ಲ.

ಸಂಜೆದೀಪ:

ಕೈ ಉದಾಹರಣೆ ಓದಿ ಸುಮ್ನೆ ಕೂತೆ. ಹೋದ ವರ್ಷ ನಾನೂ ಒಂದು ಗ್ರೀಕ್ ಪದಕ್ಕೆ ಇದನ್ನೇ ಮಾಡಿದ್ದೇನೆ, ಇಡೀ ಗುಂಪಿನ ಮುಂದೆ. ಸರಿಪಡಿಸಿ ಹೇಳಬೇಕು.

ಹಳೇ ಪುಟ ಸರ್, ಕಥೆಗಳಿಂದ ಶುರು ಮಾಡಿ ಅಂದಿರಿ. ಯಾವ ಕಥೆ?

ಹಳೇ ಪುಟ:

ನನಗೆ ದಾರಿ ತೆರೆದದ್ದು 2 ಸಮುವೇಲ 9. ಆದರೆ ಅದಕ್ಕೆ ಮುಂಚೆ 1 ಸಮುವೇಲ 20 ಓದಬೇಕು. ಅಲ್ಲಿ ಯೋನಾತಾನ ರಾಜಕುಮಾರ, ರಾಜ ಸೌಲನ ಮಗ, ದಾವೀದ ಆ ಸೌಲನಿಂದ ಪ್ರಾಣ ಉಳಿಸಿಕೊಳ್ಳಲು ಓಡುತ್ತಿರುವವನು. ಆದರೂ ಕೇಳಿಕೊಳ್ಳುವವನು ಯೋನಾತಾನ. ನಾನು ಸತ್ತರೂ ನನ್ನ ಮನೆತನಕ್ಕೆ ನಿನ್ನ ಹೆಸೆದ್ ನಿಲ್ಲಿಸಬೇಡ ಅನ್ನುತ್ತಾನೆ. ನಾಳೆ ಯಾರು ಮೇಲೆ ಹೋಗುತ್ತಾರೆ ಅಂತ ಅವನಿಗೆ ಗೊತ್ತು.

ವರ್ಷಗಳು ಕಳೆದವು. ಯೋನಾತಾನ ಯುದ್ಧದಲ್ಲಿ ಸತ್ತ. ದಾವೀದ ರಾಜನಾದ. ಹಳೆಯ ರಾಜನ ವಂಶದವರನ್ನು ಮುಗಿಸಿಬಿಡುವುದು ಆ ಕಾಲದಲ್ಲಿ ಹೊಸ ರಾಜರಿಗೆ ಹೊಸದಲ್ಲ. ಆಗ ದಾವೀದ ಕೇಳುತ್ತಾನೆ, ಸೌಲನ ಮನೆಯಲ್ಲಿ ಇನ್ನೂ ಯಾರಾದರೂ ಉಳಿದಿದ್ದಾರಾ, ಯೋನಾತಾನನ ಸಲುವಾಗಿ ಅವರಿಗೆ ಹೆಸೆದ್ ಮಾಡಬೇಕು. ಮೂರನೇ ವಚನದಲ್ಲಿ ಅದನ್ನೇ ದೇವರ ಹೆಸೆದ್ ಅಂತಾನೆ.

ಸಿಕ್ಕಿದವನು ಮೆಫೀಬೋಶೆತ್, ಯೋನಾತಾನನ ಮಗ. ಎರಡೂ ಕಾಲು ಕುಂಟು. ಐದು ವರ್ಷದವನಿದ್ದಾಗ ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಹಾಗಾಯಿತು. ಅವನು ಬಂದು ನೆಲಕ್ಕೆ ಬೀಳುತ್ತಾನೆ. ದಾವೀದ ಹೆದರಬೇಡ ಅನ್ನುತ್ತಾನೆ, ಸೌಲನ ಹೊಲಗಳನ್ನೆಲ್ಲ ಹಿಂದಕ್ಕೆ ಕೊಡುತ್ತಾನೆ, ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತಾನೆ.

ಈಗ ಯೋಚನೆ ಮಾಡಿ. ಮಾತು ಕೊಟ್ಟಿದ್ದು ಯೋನಾತಾನನಿಗೆ, ಅವನು ಸತ್ತಿದ್ದಾನೆ. ನೆನಪಿಸುವವರಿಲ್ಲ. ಮೆಫೀಬೋಶೆತ್ ಬಂದು ಬಾಗಿಲು ತಟ್ಟಲಿಲ್ಲ, ದಾವೀದನೇ ಹುಡುಕಿಸಿದ. ಇದು ಕರ್ತವ್ಯವಾ? ಹೌದು, ಮಾತು ಇತ್ತು. ಪ್ರೀತಿಯಾ? ಹೌದು, ಯೋನಾತಾನನ ಮೇಲೆ. ಕರುಣೆಯಾ? ಅದೂ ಹೌದು, ಎದುರಿಗಿರುವವನು ದಿಕ್ಕಿಲ್ಲದವನು. ಒಂದನ್ನು ತೆಗೆದರೂ ಕಥೆ ಕುಸಿಯುತ್ತದೆ. ಹಾಗಾಗಿ ನನಗೆ ಕರ್ತವ್ಯ ಬೇರೆ ಪ್ರೀತಿ ಬೇರೆ ಅಂತ ಜಗಳ ಮಾಡುವುದೇ ತಪ್ಪು ಅನಿಸುತ್ತದೆ.

ಒಂದು ಸಣ್ಣ ವ್ಯಾಕರಣದ ವಿಷಯ. ಈ ಕಥೆಗಳಲ್ಲೆಲ್ಲ ಹೀಬ್ರೂ ವಾಕ್ಯ ಹೆಚ್ಚಾಗಿ ಒಂದೇ ರೀತಿ ಇರುತ್ತದೆ, ಒಬ್ಬರ ಜೊತೆ ಹೆಸೆದ್ ಮಾಡುವುದು. ತೋರಿಸುವುದು ಅಲ್ಲ, ಇಟ್ಟುಕೊಳ್ಳುವುದು ಅಲ್ಲ, ಮಾಡುವುದು. ಕನ್ನಡದಲ್ಲಿ ಉಪಕಾರ ಮಾಡಿದ ಅನ್ನುತ್ತೇವಲ್ಲ, ಆ ತರಹ. ಅದು ಮನಸ್ಸಿನಲ್ಲಿ ಹುಟ್ಟುತ್ತದೆ ನಿಜ, ಆದರೆ ಕೈಯಿಂದ ಹೊರಗೆ ಬರುವ ತನಕ ಅದಕ್ಕೆ ಹೆಸೆದ್ ಅನ್ನುವುದಿಲ್ಲ.

ಮೂರನೇ ಬೆಂಚು:

ನಾನು ಇಲ್ಲಿ ಸಾಮಾನ್ಯವಾಗಿ ಓದಿ ಹೋಗುವವಳು. ಇವತ್ತು ಬರೆಯಬೇಕು ಅನಿಸಿತು.

ರೂತಳ ಪುಸ್ತಕದಲ್ಲಿ ಈ ಪದ ಮೂರು ಸಲ ಇದೆ. 1:8, 2:20, 3:10. ನಾಲ್ಕೇ ಅಧ್ಯಾಯ, ಒಂದೇ ಕೂತಲ್ಲಿ ಓದಬಹುದು. ಗಂಡಂದಿರು ಸತ್ತ ಮೇಲೆ ಅತ್ತೆ ನೊವೊಮಿಯನ್ನು ಬಿಡದೆ ಹೋದ ಸೊಸೆ ರೂತ್, ತವರಿಗೆ ಹಿಂತಿರುಗಿದ ಸೊಸೆ ಒರ್ಫಾ, ಇವರ ಕಥೆ. ನಾನು ಇದನ್ನು ಎಷ್ಟು ಸಲ ಓದಿದ್ದೇನೋ. ನನ್ನ ಗಂಡ ತೀರಿಕೊಂಡ ಮೇಲೆ ಅತ್ತೆ ಜೊತೆ ನಾನೇ ಇದ್ದೆ, ಆರು ವರ್ಷ, ಅವರು ಹೋಗುವ ತನಕ. ಎಲ್ಲರೂ ನನ್ನನ್ನು ರೂತ್ ಅನ್ನುತ್ತಿದ್ದರು. ನನ್ನ ಓರಗಿತ್ತಿ ತವರಿಗೆ ಹೋದಳು. ಅವಳನ್ನು ಒರ್ಫಾ ಅಂತ ಕರೆದರು, ಹೀಯಾಳಿಸಿ. ನಾನು ಆಗ ಏನೂ ಹೇಳಲಿಲ್ಲ. ಈಗಲೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಯಾಕೆಂದರೆ 1:8 ನೋಡಿ. ನೊವೊಮಿ ಇಬ್ಬರು ಸೊಸೆಯರಿಗೂ ಒಟ್ಟಿಗೆ ಹೇಳುತ್ತಾಳೆ. ಸತ್ತವರಿಗೂ ನನಗೂ ನೀವು ಹೆಸೆದ್ ಮಾಡಿದಿರಿ, ಅದೇ ರೀತಿ ಯೆಹೋವನು ನಿಮಗೆ ಮಾಡಲಿ. ನೀವು ಅಂದರೆ ಇಬ್ಬರೂ. ಒರ್ಫಾ ಕೂಡ. ಅವಳು ಅತ್ತು, ಮುದ್ದಿಟ್ಟು ಹೋಗುತ್ತಾಳೆ. ಪುಸ್ತಕ ಅವಳ ಮೇಲೆ ಒಂದು ಕೆಟ್ಟ ಮಾತೂ ಆಡುವುದಿಲ್ಲ. ಹೋಗು ಅಂದದ್ದೇ ನೊವೊಮಿ. ಒರ್ಫಾ ಮಾಡಬೇಕಾದ್ದನ್ನು ಮಾಡಿದಳು. ರೂತ್ ಮಾಡಬೇಕಾಗಿಲ್ಲದ್ದನ್ನೂ ಮಾಡಿದಳು. ಹಳೇ ಪುಟ ಸರ್ ಮೊದಲು ಬರೆದರಲ್ಲ, ಮಾಡದಿದ್ದರೆ ಯಾರೂ ಕೇಳುವವರಿಲ್ಲ ಅಂತ. ಆ ಸಾಲು ಓದಿದಾಗ ನನಗೆ ಒರ್ಫಾ ನೆನಪಾದಳು. ಅವಳನ್ನು ಯಾರೂ ಕೇಳಲಿಲ್ಲ, ಕೇಳಲೂಬಾರದು.

ಓರಗಿತ್ತಿಗೆ ಹೋದ ತಿಂಗಳು ಫೋನ್ ಮಾಡಿದೆ. ಅದು ಬೇರೆ ವಿಷಯ, ಇಲ್ಲಿ ಬೇಡ.

ಸಂಜೆದೀಪ:

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. 1:8 ರಲ್ಲಿ ನೀವು ಅನ್ನುವುದು ಇಬ್ಬರಿಗೂ ಅಂತ ನಾನು ಯಾವತ್ತೂ ಗಮನಿಸಿರಲಿಲ್ಲ. ಎಷ್ಟು ಪ್ರಸಂಗ ಕೇಳಿದ್ದೇನೆ, ಒಬ್ಬರೂ ಹೇಳಲಿಲ್ಲ.

ನಿಧಾನ ಓದುಗ:

ರೂತ್ 2:20 ಬಗ್ಗೆ ಒಂದು ಮಾತು, ಯಾಕೆಂದರೆ ಅನುವಾದದ ಕಷ್ಟ ಅಲ್ಲಿ ಚೆನ್ನಾಗಿ ಕಾಣುತ್ತದೆ. ರೂತ್ ತನ್ನ ಮಾವನ ಸಂಬಂಧಿ ಬೋವಜನ ಹೊಲದಿಂದ ತೆನೆ ಆಯ್ದುಕೊಂಡು ಬಂದಾಗ ನೊವೊಮಿ ಹೇಳುತ್ತಾಳೆ, ಯೆಹೋವನಿಂದ ಅವನಿಗೆ ಆಶೀರ್ವಾದವಾಗಲಿ, ಬದುಕಿರುವವರಿಗೂ ಸತ್ತವರಿಗೂ ತನ್ನ ಹೆಸೆದ್ ಬಿಡಲಿಲ್ಲ. ಬಿಡದೆ ಇದ್ದವನು ಯಾರು? ದೇವರಾ, ಬೋವಜನಾ? ಹೀಬ್ರೂವಿನಲ್ಲಿ ಎರಡೂ ಆಗುತ್ತದೆ. ವಾಕ್ಯದ ಕಟ್ಟು ಹಾಗಿದೆ.

ಕನ್ನಡದಲ್ಲಿ ಅದನ್ನು ಹಾಗೇ ಬಿಡುವುದು ಬಹಳ ಕಷ್ಟ. ನಮ್ಮಲ್ಲಿ ಬಿಡದೆ ಇರುವ ಅನ್ನುವುದನ್ನು ಯಾವುದೋ ಒಂದು ಹೆಸರಿನ ಮುಂದೆ ಇಡಲೇಬೇಕು. ಬಿಡದೆ ಇರುವ ಯೆಹೋವನು ಅಂತ ಬರೆದ ಕೂಡಲೇ ಬೋವಜ ಹೊರಗೆ ಹೋದ. ಅನುವಾದ ಮಾಡಿದವರದ್ದು ತಪ್ಪಲ್ಲ, ಭಾಷೆಯೇ ಆರಿಸಿಕೋ ಅನ್ನುತ್ತದೆ. ಆದರೆ ಆ ಪುಸ್ತಕದಲ್ಲಿ ದೇವರ ಹೆಸೆದ್ ಬರುವುದೇ ಮನುಷ್ಯರ ಕೈಯಿಂದ. ಹಾಗಾಗಿ ಆ ಗೊಂದಲ ಬೇಕು ಅಂತಲೇ ಇಟ್ಟದ್ದು ಅನ್ನುವುದು ನನ್ನ ನಂಬಿಕೆ.

ಗುಬ್ಬಿ:

ಎಲ್ಲ ಓದಿದೆ. ನನಗೆ ಇಬ್ಬರೂ ಸರ್‌ಗಳ ಹತ್ತಿರ ನೇರ ಪ್ರಶ್ನೆ ಇದೆ, ತಪ್ಪು ತಿಳಿಯಬೇಡಿ.

136ನೇ ಕೀರ್ತನೆಯ 10ನೇ ವಚನ. ಐಗುಪ್ತದ ಚೊಚ್ಚಲು ಮಕ್ಕಳನ್ನು ಹೊಡೆದನು, ಆತನ ಹೆಸೆದ್ ಶಾಶ್ವತ. 15ರಲ್ಲಿ ಫರೋಹನನ್ನೂ ಅವನ ಸೈನ್ಯವನ್ನೂ ಸಮುದ್ರಕ್ಕೆ ಕೆಡವಿದನು, ಆತನ ಹೆಸೆದ್ ಶಾಶ್ವತ. ಆ ತಾಯಂದಿರಿಗೆ ಇದು ಯಾವ ಹೆಸೆದ್? ನಾವು ಕೂತು ಎಷ್ಟು ಚೆಂದ ಪದ ಅಂತ ಮಾತಾಡುತ್ತಿದ್ದೇವೆ. ಈ ವಚನಕ್ಕೆ ಯಾರೂ ಬರುವುದೇ ಇಲ್ಲ.

ಹಳೇ ಪುಟ:

ತಮ್ಮಾ, ತಪ್ಪು ಯಾಕೆ ತಿಳಿಯಲಿ. ಕೇಳಲೇಬೇಕಾದ ಪ್ರಶ್ನೆ.

ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಹಾಡುತ್ತಿರುವವರು ಯಾರು ಅಂತ ಮಾತ್ರ ನೋಡುತ್ತೇನೆ. ದಾಸರಾಗಿದ್ದವರು. ತಮ್ಮ ಗಂಡುಮಕ್ಕಳನ್ನು ನದಿಗೆ ಎಸೆದ ದೇಶದಿಂದ ಹೊರಗೆ ಬಂದವರು. ಬೇರೆ ಯಾರೂ ದಿಕ್ಕಿಲ್ಲದಿದ್ದಾಗ ಒಬ್ಬನು ಬಿಡಿಸಿದ ಅಂತ ಅವರು ಹಾಡುತ್ತಾರೆ. ಅವರ ಕಡೆಯಿಂದ ಅದು ಹೆಸೆದ್. ಐಗುಪ್ತದ ತಾಯಿಯ ಕಡೆಯಿಂದ ಅದನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ, ಕರೆಯಬೇಕು ಅಂತ ಕೀರ್ತನೆಯೂ ಕೇಳುತ್ತಿಲ್ಲ.

ಆದರೆ ಆ ಕೀರ್ತನೆ ಅಲ್ಲಿಗೆ ಮುಗಿಯುವುದಿಲ್ಲ. 25ನೇ ವಚನ ಓದು, ಎಲ್ಲ ಜೀವಿಗಳಿಗೂ ಆಹಾರ ಕೊಡುವವನು. ಇಸ್ರಾಯೇಲ್ ಅಂತ ಇಲ್ಲ, ಎಲ್ಲ ಜೀವಿಗಳು. ಶುರುವಿನಲ್ಲೂ ಸೂರ್ಯ ಚಂದ್ರ ಭೂಮಿ. ನಡುವೆ ಒಂದು ಜನಾಂಗದ ಕಥೆ, ಸುತ್ತ ಇಡೀ ಲೋಕ.

ನಿಧಾನ ಓದುಗ:

ಗುಬ್ಬಿ, ನಿನ್ನ ಪ್ರಶ್ನೆಯನ್ನೇ ಉಲ್ಟಾ ಮಾಡಿ ಕೇಳಿದವನು ಸತ್ಯವೇದದಲ್ಲೇ ಒಬ್ಬ ಇದ್ದಾನೆ. ಯೋನ, ನಿನೆವೆಗೆ ಹೋಗಿ ಸಾರು ಅಂದಾಗ ಓಡಿಹೋದ ಪ್ರವಾದಿ.

ವಿಮೋಚನಕಾಂಡ 34:6 ರಲ್ಲಿ ದೇವರು ಮೋಶೆಗೆ ತನ್ನ ಹೆಸರನ್ನು ಹೇಳುತ್ತಾನೆ. ಕನಿಕರ ಉಳ್ಳವನು, ದಯೆ ಉಳ್ಳವನು, ಬೇಗ ಸಿಟ್ಟಾಗದವನು, ಹೆಸೆದ್ ಮತ್ತು ಸತ್ಯ ತುಂಬಿದವನು. ಈ ಸಾಲು ಆಮೇಲೆ ಎಷ್ಟೋ ಕಡೆ ಪ್ರಾರ್ಥನೆಯಾಗಿ ಬರುತ್ತದೆ. ಯೋನ 4:2 ರಲ್ಲೂ ಬರುತ್ತದೆ, ಆದರೆ ದೂರಾಗಿ! ನಿನೆವೆ ನಾಶವಾಗಲಿಲ್ಲ ಅಂತ ಅವನಿಗೆ ಕೋಪ. ನೀನು ಹೆಸೆದ್ ತುಂಬಿದವನು ಅಂತ ನನಗೆ ಗೊತ್ತಿತ್ತು, ಅದಕ್ಕೇ ನಾನು ಓಡಿಹೋದದ್ದು ಅನ್ನುತ್ತಾನೆ. ಶತ್ರುಗಳ ಪಟ್ಟಣ ಅದು. ಅವರ ಜೊತೆ ಯಾವ ಒಡಂಬಡಿಕೆಯೂ ಇಲ್ಲ. ಹಾಗಿದ್ದೂ ಯೋನ ಅಲ್ಲಿ ಆದದ್ದನ್ನು ಹೆಸೆದ್ ಅನ್ನುತ್ತಾನೆ, ಹಲ್ಲು ಕಚ್ಚಿಕೊಂಡು.

ಸಂಜೆದೀಪ ಅವರೇ, ಒಡಂಬಡಿಕೆ ಇದ್ದರೆ ಮಾತ್ರ ಹೆಸೆದ್ ಅನ್ನುವ ಮಾತಿಗೆ ನನ್ನ ಉತ್ತರ ಇದೇ. ಯೆರಿಕೋ ಪಟ್ಟಣದ ರಾಹಾಬಳನ್ನೂ ನೋಡಿ, ಯೆಹೋಶುವ 2:12, ಅವಳು ಇಸ್ರಾಯೇಲಿನ ಗೂಢಚಾರರ ಜೊತೆ ಮಾತಾಡುತ್ತಿದ್ದಾಳೆ. ನಾನು ನಿಮಗೆ ಹೆಸೆದ್ ಮಾಡಿದೆ, ನೀವೂ ನನ್ನ ತಂದೆಯ ಮನೆಗೆ ಮಾಡುತ್ತೇವೆ ಅಂತ ಪ್ರಮಾಣ ಮಾಡಿ ಅನ್ನುತ್ತಾಳೆ. ಅವಳು ಗೂಢಚಾರರನ್ನು ಬಚ್ಚಿಟ್ಟದ್ದು ಮೊದಲು. ಪ್ರಮಾಣ ಬಂದದ್ದು ಆಮೇಲೆ. ಹೆಸೆದ್ ಒಡಂಬಡಿಕೆಯಿಂದ ಹುಟ್ಟಬಹುದು, ಒಡಂಬಡಿಕೆಯನ್ನು ಹುಟ್ಟಿಸಲೂಬಹುದು.

ಗುಬ್ಬಿ:

ಯೋನ 4 ಈಗಷ್ಟೇ ಓದಿದೆ. ದೇವರ ಕೊನೆಯ ಪ್ರಶ್ನೆಗೆ ಯೋನ ಉತ್ತರ ಕೊಡುವುದೇ ಇಲ್ಲ. ನನ್ನ ಪ್ರಶ್ನೆ ಇನ್ನೂ ಹೋಗಿಲ್ಲ ಸರ್, ಆದರೆ ಓದುತ್ತೇನೆ.

ಸಂಜೆದೀಪ:

ನಮ್ಮ ಕನ್ನಡ ಪದಗಳ ಬಗ್ಗೆ ಹೇಳಿ. ಕೃಪೆ ಅಂದಾಗ ನನಗೆ ತಕ್ಷಣ ಎಫೆಸ 2:8 ನೆನಪಾಗುತ್ತದೆ, ಕೃಪೆಯಿಂದಲೇ ರಕ್ಷಣೆ. ಎರಡೂ ಒಂದೇ ಪದದ ಅನುವಾದ ಅಂದುಕೊಂಡಿದ್ದೆ.

ಹಳೇ ಪುಟ:

ಇಲ್ಲ, ಇದು ಕನ್ನಡದಲ್ಲಿ ಓದುವವರೆಲ್ಲ ತಿಳಿದುಕೊಳ್ಳಬೇಕಾದ ವಿಷಯ. ಎಫೆಸ 2:8 ರಲ್ಲಿ ಇರುವ ಗ್ರೀಕ್ ಪದ ಖಾರಿಸ್. ಹೀಬ್ರೂವಿನಲ್ಲಿ ಅದಕ್ಕೆ ಹತ್ತಿರದ್ದು ಹೆನ್ ಎಂಬ ಇನ್ನೊಂದು ಪದ. ನೋಹನಿಗೆ ಯೆಹೋವನ ದಯೆ ದೊರಕಿತು ಅನ್ನುವಲ್ಲಿ ಇರುವುದು ಅದು. ಹೆಸೆದ್‌ಗೆ ಬಂದಾಗ, ಕ್ರಿಸ್ತಪೂರ್ವದಲ್ಲೇ ಯೆಹೂದ್ಯರು ಮಾಡಿದ ಗ್ರೀಕ್ ಅನುವಾದ, ಸೆಪ್ಟುವಜಿಂಟ್, ಬಹುತೇಕ ಕಡೆ ಎಲೆಯೊಸ್ ಅನ್ನುತ್ತದೆ. ಎಲೆಯೊಸ್ ಅಂದರೆ ಕರುಣೆ, ಮರುಕ. ಅಲ್ಲಿಂದ ಲ್ಯಾಟಿನ್‌ಗೆ ಮಿಸೆರಿಕೋರ್ದಿಯ. ಹೀಗೆ ನಿಷ್ಠೆಯ ಭಾಗ ಸ್ವಲ್ಪ ಸ್ವಲ್ಪವೇ ಸವೆದುಹೋಗಿ ಮರುಕ ಮಾತ್ರ ಉಳಿಯಿತು.

ಇಂಗ್ಲಿಷ್‌ನವರೂ ಒದ್ದಾಡಿದ್ದಾರೆ. ಮೈಲ್ಸ್ ಕವರ್‌ಡೇಲ್ 1535ರ ತಮ್ಮ ಅನುವಾದದಲ್ಲಿ ಪ್ರೀತಿ ಮತ್ತು ದಯೆ ಎರಡನ್ನೂ ಸೇರಿಸಿ ಲವಿಂಗ್‌ಕೈಂಡ್ನೆಸ್ ಎಂದು ಜೋಡಿಸಿದರು. 1952ರ ಇನ್ನೊಂದು ಅನುವಾದ ಅಲುಗಾಡದ ಪ್ರೀತಿ ಎಂಬರ್ಥದ ಎರಡು ಪದ ಬಳಸಿತು. ಒಂದು ಪದ ಸಾಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗಿತ್ತು.

ಕನ್ನಡದ ಕೃಪೆಗೆ ಒಂದು ಕೊರತೆ ಇದೆ. ಅದು ಮೇಲಿನಿಂದ ಕೆಳಗೆ ಬರುತ್ತದೆ. ಗೆಳೆಯ ಗೆಳೆಯನಿಗೆ ಕೃಪೆ ಮಾಡಿದ ಅನ್ನುವುದಿಲ್ಲ. ಸೊಸೆ ಅತ್ತೆಗೆ ಕೃಪೆ ಮಾಡಿದಳು ಅಂದರೆ ಕಿವಿಗೆ ಕೆಟ್ಟದಾಗಿ ಕೇಳಿಸುತ್ತದೆ. ಹಾಗಾಗಿ ಅನುವಾದಕರು ದೇವರಿಗೆ ಕೃಪೆ, ಮನುಷ್ಯರಿಗೆ ದಯೆ ಅಂತ ಬೇರೆ ಬೇರೆ ಹಾಕುತ್ತಾರೆ. ಓದುವವರಿಗೆ ರೂತ್ ಮಾಡಿದ್ದೂ ದೇವರು ಮಾಡಿದ್ದೂ ಒಂದೇ ಪದ ಅಂತ ಗೊತ್ತಾಗುವುದೇ ಇಲ್ಲ. ನನಗೆ ಇದು ದೊಡ್ಡ ನಷ್ಟ.

ನಿಧಾನ ಓದುಗ:

ಒಪ್ಪುತ್ತೇನೆ, ಒಂದು ತಿದ್ದುಪಡಿ ಮಾತ್ರ. ಖಾರಿಸ್‌ಗೂ ಹೆಸೆದ್‌ಗೂ ಪೂರ್ತಿ ಗೋಡೆ ಕಟ್ಟಬೇಡಿ. ಯೋಹಾನ 1:14 ರಲ್ಲಿ ಕೃಪೆಯಿಂದಲೂ ಸತ್ಯದಿಂದಲೂ ತುಂಬಿದವನು ಅಂತ ಬರುತ್ತದಲ್ಲ, ಅಲ್ಲಿ ಗ್ರೀಕ್ ಪದ ಖಾರಿಸ್. ಆದರೆ ಅದರ ಹಿಂದೆ ವಿಮೋಚನಕಾಂಡ 34:6 ರ ಹೆಸೆದ್ ಮತ್ತು ಸತ್ಯ ಇದೆ ಅಂತ ತುಂಬಾ ಜನ ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೇ ಕಾಣುತ್ತದೆ. ಪದಕ್ಕೆ ಪದ ಲೆಕ್ಕ ಹಾಕಿದರೆ ಅದು ಸಿಗುವುದಿಲ್ಲ, ಜೋಡಿ ನೋಡಬೇಕು.

ಮತ್ತೆ ಹೋಶೇಯ 6:6. ನನಗೆ ಯಜ್ಞ ಬೇಡ, ಹೆಸೆದ್ ಬೇಕು. ಯೇಸು ಇದನ್ನು ಮತ್ತಾಯದಲ್ಲಿ ಎರಡು ಸಲ ಹೇಳುತ್ತಾನೆ, 9:13 ಮತ್ತು 12:7. ಗ್ರೀಕ್‌ನಲ್ಲಿ ಎಲೆಯೊಸ್, ಕನ್ನಡದಲ್ಲಿ ಕರುಣೆ. ಪಾಪಿಗಳ ಮೇಲೆ ಸ್ವಲ್ಪ ಕರುಣೆ ಇರಲಿ ಅಂತ ಓದಿಕೊಂಡು ಹೋಗುತ್ತೇವೆ. ಆದರೆ ಎರಡು ವಚನ ಹಿಂದೆ, ಹೋಶೇಯ 6:4 ಓದಿ. ನಿಮ್ಮ ಹೆಸೆದ್ ಬೆಳಗಿನ ಮೋಡದ ಹಾಗೆ, ಬೇಗ ಮಾಯವಾಗುವ ಇಬ್ಬನಿಯ ಹಾಗೆ ಅಂತಾನೆ ದೇವರು. ಅವರಿಗೆ ಹೆಸೆದ್ ಇರಲಿಲ್ಲ ಅಂತ ಅಲ್ಲ, ನಿಲ್ಲುತ್ತಿರಲಿಲ್ಲ. ಬಿಸಿಲು ಬಂದ ಕೂಡಲೇ ಆರಿಹೋಗುತ್ತಿತ್ತು. 6:6 ರಲ್ಲಿ ಕೇಳುವುದು ಬಿಸಿಲಿಗೂ ನಿಲ್ಲುವಂಥದ್ದು. ಕರುಣೆ ಎಂಬ ಪದದಲ್ಲಿ ಆ ಬಿಸಿಲು ಇಲ್ಲ.

ಇಲ್ಲೇ ನಿಮ್ಮ ಪಟ್ಟಿಯಲ್ಲಿದ್ದ ಸೌಂದರ್ಯಕ್ಕೂ ಉತ್ತರ ಇದೆ ಸಂಜೆದೀಪ ಅವರೇ. ಯೆಶಾಯ 40:6, ಮನುಷ್ಯರೆಲ್ಲ ಹುಲ್ಲು, ಅವರ ಹೆಸೆದ್ ಹೊಲದ ಹೂವು. ಹೂವು ಅಂತ ಇದೆಯಲ್ಲ, ಹಾಗಾಗಿ ಚೆಂದ, ಮಹಿಮೆ ಅಂತ ಅನುವಾದ ಮಾಡುತ್ತಾ ಬಂದರು. ನನಗೆ ಅಲ್ಲಿಯೂ ಹೋಶೇಯನ ಇಬ್ಬನಿಯೇ ಕಾಣುತ್ತದೆ. ನಮ್ಮ ನಿಷ್ಠೆ ಬಾಡುತ್ತದೆ ಅಂತ ಹೇಳುತ್ತಿದ್ದಾನೆ.

ಮೂರನೇ ಬೆಂಚು:

ಇನ್ನೊಂದು ಕೇಳಬೇಕಿತ್ತು. ರೂತ್ 1:8, 2:20 ಎರಡರಲ್ಲೂ ಸತ್ತವರಿಗೆ ಅಂತ ಬರುತ್ತದೆ. ಸತ್ತವರಿಗೆ ಹೆಸೆದ್ ಮಾಡುವುದು ಅಂದರೆ ಏನು?

ಹಳೇ ಪುಟ:

ಸಿಸ್ಟರ್, ಇದನ್ನು ಯೆಹೂದ್ಯರು ತುಂಬಾ ಯೋಚಿಸಿದ್ದಾರೆ. ಆದಿಕಾಂಡ 47:29 ರಲ್ಲಿ ಯಾಕೋಬ ಸಾಯುವ ಹೊತ್ತಿಗೆ ಯೋಸೇಫನನ್ನು ಕರೆದು, ನನ್ನನ್ನು ಐಗುಪ್ತದಲ್ಲಿ ಹೂಣಿಡಬೇಡ, ನನಗೆ ಹೆಸೆದ್ ಮತ್ತು ಸತ್ಯ ಮಾಡು ಅನ್ನುತ್ತಾನೆ. ಸತ್ತ ಮೇಲೆ ಮಗ ಮಾತು ಉಳಿಸಿದನಾ ಅಂತ ಅವನು ನೋಡಲಾರನು. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಈ ವಚನಕ್ಕೆ ಬರೆಯುತ್ತಾರೆ, ಸತ್ತವರಿಗೆ ಮಾಡುವುದೇ ನಿಜವಾದ ಹೆಸೆದ್, ಯಾಕೆಂದರೆ ಅವರಿಂದ ತಿರುಗಿ ಏನೂ ಬರುವುದಿಲ್ಲ. ಇವತ್ತಿಗೂ ಯೆಹೂದ್ಯರು ಶವಸಂಸ್ಕಾರದ ಕೆಲಸವನ್ನು ಸತ್ಯದ ಹೆಸೆದ್ ಅಂತಲೇ ಕರೆಯುತ್ತಾರೆ.

2 ಸಮುವೇಲ 2:5 ಕೂಡ ನೋಡಿ. ಸೌಲನ ಶವವನ್ನು ಹೂಣಿಟ್ಟ ಯಾಬೇಷಿನವರಿಗೆ ದಾವೀದ ಹೇಳಿಕಳಿಸುತ್ತಾನೆ, ನೀವು ನಿಮ್ಮ ಒಡೆಯನಿಗೆ ಹೆಸೆದ್ ಮಾಡಿದಿರಿ. ಸೌಲ ದಾವೀದನನ್ನು ಕೊಲ್ಲಲು ಓಡಾಡಿದವನು. ಆದರೂ ಹೇಳಿಕಳಿಸುತ್ತಾನೆ.

ನಿಮ್ಮ ಗಂಡ ತೀರಿಕೊಂಡ ಮೇಲೆ ಅವರ ತಾಯಿಯ ಜೊತೆ ಆರು ವರ್ಷ ಇದ್ದಿರಲ್ಲ. ಅದೇ.

ಸಂಜೆದೀಪ:

ಎಲ್ಲರಿಗೂ ಉತ್ತರ ಹೇಳಲು ತಡವಾಯಿತು. ನಿನ್ನೆ ಗುಂಪಿನಲ್ಲಿ ಹಂಚಿಕೊಂಡೆ.

ಪಟ್ಟಿ ಹೇಳಲಿಲ್ಲ. ಅರ್ಥವನ್ನೂ ಹೇಳಲಿಲ್ಲ. ಹೆಸೆದ್ ಅಂತ ಪದವನ್ನು ಹಾಗೇ ಇಟ್ಟು ಮೂರು ಕಥೆ ಓದಿಸಿದೆ, ಮೆಫೀಬೋಶೆತ್, ರೂತ್ 1, ಯೋನ 4. ಒಂದೊಂದರಲ್ಲೂ ಮೂರೇ ಪ್ರಶ್ನೆ. ಯಾರ ಕೈಯಲ್ಲಿ ಶಕ್ತಿ ಇತ್ತು, ಯಾರಿಗೆ ಬೇರೆ ದಾರಿ ಇರಲಿಲ್ಲ, ಮಾಡದಿದ್ದರೆ ಯಾರು ಕೇಳುತ್ತಿದ್ದರು. ಆಮೇಲೆ 136ನೇ ಕೀರ್ತನೆಗೆ ಹೋದೆವು. ಕೃಪೆ ಅನ್ನುವ ಕಡೆಯೆಲ್ಲ ಹೆಸೆದ್ ಅಂತ ಓದಿದೆವು. 10ನೇ ವಚನದಲ್ಲಿ ನಿಲ್ಲಿಸಿ ಗುಬ್ಬಿಯ ಪ್ರಶ್ನೆಯನ್ನು ಹಾಗೇ ಮುಂದಿಟ್ಟೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. 23ನೇ ವಚನಕ್ಕೆ ಬಂದಾಗ, ನಾವು ದೀನಾವಸ್ಥೆಯಲ್ಲಿದ್ದಾಗ ನಮ್ಮನ್ನು ನೆನಪು ಮಾಡಿಕೊಂಡನು ಅನ್ನುವಲ್ಲಿ, ಗುಂಪಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

ಹೋದ ವರ್ಷದ ಗ್ರೀಕ್ ಪದದ ತಪ್ಪನ್ನೂ ಹೇಳಿಬಿಟ್ಟೆ. ಹಗುರವಾಯಿತು.

ಮುಗಿಸುವಾಗ ಆ ಮೊಬೈಲ್ ಹುಡುಗ ಹುಡುಕುತ್ತಾ ಕೂತಿದ್ದವನು ತಲೆ ಎತ್ತಿ ಕೇಳಿದ, ಅಕ್ಕ, ಆದಿಕಾಂಡ 40:14 ರಲ್ಲೂ ಅದೇ ಸಂಖ್ಯೆ ಇದೆ. ಸೆರೆಮನೆಯಲ್ಲಿ ಯೋಸೇಫ ಪಾನದಾಯಕರ ಮುಖ್ಯಸ್ಥನಿಗೆ ಹೇಳುತ್ತಾನೆ, ನಿನಗೆ ಒಳ್ಳೆಯದಾದಾಗ ನನ್ನನ್ನು ನೆನೆಸು, ನನಗೆ ಹೆಸೆದ್ ಮಾಡು. ಒಂಬತ್ತು ವಚನ ಆದ ಮೇಲೆ, ಅವನು ನೆನೆಸಲಿಲ್ಲ, ಮರೆತುಬಿಟ್ಟ ಅಂತಿದೆ. ಅವನು ಕೆಟ್ಟದ್ದೇನೂ ಮಾಡಲಿಲ್ಲ ಅಲ್ವಾ ಅಕ್ಕ, ಸುಮ್ನೆ ಮರೆತ. ಅದಕ್ಕೆ ಹೀಬ್ರೂವಿನಲ್ಲಿ ಏನನ್ನುತ್ತಾರೆ?

ಮುಂದಿನ ವಾರ ಅಲ್ಲಿಂದ ಶುರು ಮಾಡುತ್ತೇವೆ. ಆ ಮರೆತ ಅನ್ನುವ ಪದ ಬೇರೆ ಎಲ್ಲೆಲ್ಲಿ ಬರುತ್ತದೆ, ಯಾವ ಕಥೆಗಳನ್ನು ಓದಿಸಲಿ ಅಂತ ಹಳೇ ಪುಟ ಸರ್, ನಿಧಾನ ಓದುಗ ಸರ್, ನಿಮಗೆ ಬಿಡುವಾದಾಗ ಹೇಳಿ.